ಶನಿವಾರ ಮಾತ್ರ ಕೈಕೊಡುವ ಬ್ಯಾಟರಿ

‘ಬ್ಯಾಟರಿ ಡೌನ್ ಆಗಿದೆ’ ಎಂಬುದು ಕಾಯಿಲೆಯ ಹೆಸರಲ್ಲ. ‘ಜ್ವರ ಬಂದಿದೆ’ ಎಂದ ಹಾಗೆ ಅದೂ ಒಂದು ಲಕ್ಷಣ ಮಾತ್ರ. ಜ್ವರ ಬಂದಾಗ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಮಲೇರಿಯಾನೋ ಟೈಫಾಯ್ಡೋ ಎಂದು ತಿಳಿದ ಮೇಲೆ ಔಷಧ ಬರೆಯುತ್ತಾರೆ. ಕಾರಿನ ವಿಷಯದಲ್ಲಿ ಮಾತ್ರ ನಮಗೆ ಅಷ್ಟು ತಾಳ್ಮೆ ಇಲ್ಲ. ಬೆಳಿಗ್ಗೆ ಕೀಲಿ ತಿರುಗಿಸಿದಾಗ ‘ಟಕ್ ಟಕ್’ ಎಂದು ಸದ್ದು ಬಂದು ಎಂಜಿನ್ ಸುಮ್ಮನಾದರೆ, ಮಧ್ಯಾಹ್ನದೊಳಗೆ ಹಳೆಯ ಬ್ಯಾಟರಿ ಕೊಟ್ಟು, ಅದರ ಬಾಬ್ತು ಒಂದಿಷ್ಟು ಹಣ ವಜಾ ಮಾಡಿಸಿಕೊಂಡು, ನಾಲ್ಕೈದು ಸಾವಿರ ರೂಪಾಯಿ ಎಣಿಸಿ ಹೊಸದನ್ನು ಕೂರಿಸಿಕೊಂಡು ಬರುತ್ತೇವೆ. ಎರಡು ತಿಂಗಳಲ್ಲಿ ಹೊಸದೂ ‘ಟಕ್ ಟಕ್’ ಎಂದಾಗ ಬ್ಯಾಟರಿ ಕಂಪನಿಯನ್ನು ಬೈಯುತ್ತೇವೆ.

ಹರಿಹರದ ಒಂದು ಮನೆಯಲ್ಲಿ ಆದದ್ದೂ ಇದೇ. ಆದರೆ ಅಲ್ಲಿ ಪಣಕ್ಕಿದ್ದದ್ದು ಬರೀ ದುಡ್ಡಲ್ಲ. ಮನೆಯ ಅಜ್ಜಿಗೆ ಮೂತ್ರಪಿಂಡ ಸೋತು ವಾರಕ್ಕೆರಡು ಸಲ ಡಯಾಲಿಸಿಸ್. ಮಂಗಳವಾರ ಒಮ್ಮೆ, ಶನಿವಾರ ಒಮ್ಮೆ, ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟು ದಾವಣಗೆರೆಯ ಆಸ್ಪತ್ರೆ ಸೇರಬೇಕು. ಆರು ಗಂಟೆಯ ಪಾಳಿ ತಪ್ಪಿದರೆ ಆ ಯಂತ್ರ ಇನ್ನೊಬ್ಬರ ಪಾಲು. ಡಯಾಲಿಸಿಸ್ ತಪ್ಪಿದವರ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಅದು ಹೃದಯಕ್ಕೇ ಅಪಾಯ. ಉಳಿದ ದಿನಗಳಲ್ಲಿ ಅಪ್ಪ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವುದರಿಂದ ಕಾರು ಮನೆ ಮುಂದೆ ಹೊದಿಕೆ ಹೊದ್ದು ನಿಂತಿರುತ್ತದೆ. ಚಿಕ್ಕ ಪೆಟ್ರೋಲ್ ಕಾರು, 35 ಆಂಪಿಯರ್-ಗಂಟೆಯ ಬ್ಯಾಟರಿ.

ಮೊದಲ ಸಲ ಕೈಕೊಟ್ಟಾಗ ಬ್ಯಾಟರಿಗೆ ನಾಲ್ಕು ವರ್ಷ ವಯಸ್ಸಾಗಿತ್ತು, ಬದಲಾಯಿಸಿದರು, ತಪ್ಪೇನಿಲ್ಲ. ಹೊಸದೂ ಕೈಕೊಟ್ಟಿತು. ಅಂಗಡಿಯವರು ಪರೀಕ್ಷಿಸಿ ‘ಬ್ಯಾಟರಿ ಚೆನ್ನಾಗಿದೆ’ ಎಂದು ಚಾರ್ಜು ಮಾಡಿ ಹಿಂದಿರುಗಿಸಿದರು. ಮತ್ತೆ ಕೈಕೊಟ್ಟಾಗ ಮೆಕ್ಯಾನಿಕ್ ಒಬ್ಬರು ಆಲ್ಟರ್ನೇಟರ್ ಬಿಚ್ಚಿ ಬ್ರಷ್ ಬದಲಾಯಿಸಿದರು. ಆಮೇಲೂ ಅದೇ ಕಥೆ. ನಸುಕಿನ ಐದು ಗಂಟೆಗೆ ಪಕ್ಕದ ಮನೆಯವರನ್ನು ಎಬ್ಬಿಸಿ ಅವರ ಕಾರಿನಿಂದ ಕರೆಂಟು ಕೊಡಿಸಿಕೊಂಡು ಹೊರಡುವುದು. ಒಂದು ಸಲ ಅವರೂ ಊರಲ್ಲಿಲ್ಲದೆ ಬಾಡಿಗೆ ಕಾರು ಹುಡುಕುವಷ್ಟರಲ್ಲಿ ಪಾಳಿ ತಪ್ಪಿಯೇ ಹೋಯಿತು. ಇಷ್ಟರ ನಡುವೆ ಅಜ್ಜಿ ಒಂದು ಮಾತು ಹೇಳಿದರು: “ಶನಿವಾರ ನಮಗೆ ಆಗಿ ಬರಲ್ಲ ಬಿಡು.” ಶನಿದೇವರ ಗುಡಿಯಲ್ಲಿ ಎಳ್ಳೆಣ್ಣೆ ದೀಪವನ್ನೂ ಹಚ್ಚಿಸಿದರು.

ಪಿಯುಸಿ ಎರಡನೇ ವರ್ಷದಲ್ಲಿದ್ದ ಮೊಮ್ಮಗಳು ಅಜ್ಜಿಯ ಮಾತಿಗೆ ನಗಲಿಲ್ಲ. ಕ್ಯಾಲೆಂಡರ್ ತೆಗೆದು, ಕಾರು ನಿಂತ ದಿನಗಳಿಗೆಲ್ಲ ಗುರುತು ಹಾಕಿದಳು. ಅಜ್ಜಿ ಹೇಳಿದ್ದು ನಿಜ! ಐದಕ್ಕೆ ಐದೂ ಶನಿವಾರ. ಮಂಗಳವಾರ ಒಮ್ಮೆಯೂ ಇಲ್ಲ.

ಅವಳು ಮುಂದೇನು ಮಾಡಿದಳು ಎಂದು ಹೇಳುವ ಮೊದಲು ಬ್ಯಾಟರಿಯ ಒಳಗೆ ಸ್ವಲ್ಪ ಇಣುಕೋಣ.

ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸದ ಹಾಳೆಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ತುಂಬಬಹುದಾದ ವಿದ್ಯುತ್ಕೋಶವನ್ನು ಮಾಡಿದ. ಇಂದಿನ ಕಾರಿನ ಬಾನೆಟ್ಟಿನ ಕೆಳಗೆ ಇರುವುದು ಅದರ ಸುಧಾರಿತ ರೂಪವೇ. ಒಂದು ಬಗೆಯ ಫಲಕದಲ್ಲಿ ಸೀಸ, ಇನ್ನೊಂದರಲ್ಲಿ ಸೀಸದ ಡೈಆಕ್ಸೈಡ್. ಕರೆಂಟು ಕೊಡುತ್ತಾ ಹೋದಂತೆ ಎರಡೂ ಆಮ್ಲದೊಡನೆ ಸೇರಿ ಸೀಸದ ಸಲ್ಫೇಟ್ ಆಗುತ್ತವೆ, ಆಮ್ಲ ತೆಳುವಾಗಿ ನೀರಾಗುತ್ತದೆ. ಚಾರ್ಜು ಮಾಡಿದಾಗ ಇದೆಲ್ಲ ಹಿಂದುಮುಂದಾಗಿ ನಡೆದು ಮೊದಲಿನ ಸ್ಥಿತಿಗೆ ಬರುತ್ತದೆ. ಹೀಗೆ ಆರು ಕೋಶಗಳು ಸಾಲಾಗಿ ಕೂತರೆ, ತಲಾ 2.1 ವೋಲ್ಟ್‌ನಂತೆ 12.6 ವೋಲ್ಟ್. ‘12 ವೋಲ್ಟ್ ಬ್ಯಾಟರಿ’ ಎನ್ನುವುದು ರೂಢಿಯ ಹೆಸರು; ನಿಜಕ್ಕೂ 12 ವೋಲ್ಟ್ ತೋರಿಸುವ ಬ್ಯಾಟರಿ ಮುಕ್ಕಾಲು ಖಾಲಿಯಾಗಿರುತ್ತದೆ.

ಈ ವ್ಯವಸ್ಥೆಗೆ ಒಂದು ಕೆಟ್ಟ ಗುಣವಿದೆ. ಅರ್ಧಂಬರ್ಧ ಖಾಲಿಯಾದ ಬ್ಯಾಟರಿಯನ್ನು ಹಾಗೆಯೇ ವಾರಗಟ್ಟಲೆ ಬಿಟ್ಟರೆ, ಮೆತ್ತಗಿದ್ದ ಸೀಸದ ಸಲ್ಫೇಟ್ ದೊಡ್ಡ ಗಟ್ಟಿ ಹರಳುಗಳಾಗಿ ಫಲಕಕ್ಕೆ ಅಂಟಿಕೊಳ್ಳುತ್ತದೆ. ಅನ್ನದ ಪಾತ್ರೆಯನ್ನು ಕೂಡಲೇ ತೊಳೆದರೆ ಹೋಗುವ ಅಗುಳು ಮಾರನೆಯ ದಿನಕ್ಕೆ ಹೇಗೆ ಕಚ್ಚಿಕೊಂಡಿರುತ್ತದೋ ಹಾಗೆ. ಆಮೇಲೆ ಚಾರ್ಜು ಮಾಡಿದರೂ ಅಷ್ಟು ಭಾಗ ಮರಳಿ ಬರುವುದಿಲ್ಲ. ಅಂದರೆ ಪದೇ ಪದೇ ಖಾಲಿಯಾಗುವ ಬ್ಯಾಟರಿ ನಿಜವಾಗಿಯೂ ಕೆಡುತ್ತದೆ. ಅದಕ್ಕೇ ‘ಬ್ಯಾಟರಿ ಕೆಟ್ಟಿದೆ’ ಎಂಬ ತೀರ್ಪು ಎಷ್ಟೋ ಸಲ ಸರಿಯಾಗಿದ್ದರೂ ‘ಬ್ಯಾಟರಿಯಿಂದಲೇ ಕೆಟ್ಟಿದೆ’ ಎಂಬುದು ತಪ್ಪಾಗಿರುತ್ತದೆ. ಈ ವ್ಯತ್ಯಾಸವನ್ನು ಹಿಡಿಯದವರು ವರ್ಷಕ್ಕೊಂದು ಬ್ಯಾಟರಿ ಕೊಳ್ಳುತ್ತಾರೆ.

ಮನೆಯ ತಾರಸಿಯ ಮೇಲಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರಲಿಲ್ಲ. ಕಾರಣ ನಾಲ್ಕೇ ಇರಲು ಸಾಧ್ಯ. ಟ್ಯಾಂಕೇ ಒಡೆದಿರಬೇಕು; ಅಥವಾ ಮೋಟರ್ ನೀರು ಏರಿಸುತ್ತಿಲ್ಲ; ಅಥವಾ ಎಲ್ಲೋ ಒಂದು ನಲ್ಲಿ ರಾತ್ರಿಯೆಲ್ಲ ಸೋರಿದೆ; ಇಲ್ಲವೇ ಟ್ಯಾಂಕಿನ ತುಂಬ ನೀರಿದ್ದೂ ಪೈಪು ಕಟ್ಟಿಕೊಂಡಿದೆ. ಕಾರಿನಲ್ಲೂ ಅಷ್ಟೆ. ಬ್ಯಾಟರಿ ಕೆಟ್ಟಿರಬಹುದು, ಆಲ್ಟರ್ನೇಟರ್ ತುಂಬಿಸುತ್ತಿಲ್ಲದಿರಬಹುದು, ಕಾರು ನಿಂತಾಗ ಕರೆಂಟು ಸೋರುತ್ತಿರಬಹುದು, ಟರ್ಮಿನಲ್ಲಿಗೆ ಕಿಲುಬು ಹಿಡಿದಿರಬಹುದು. ಯಾವುದು ಎಂದು ತಿಳಿಯಲು ಬೇಕಾದದ್ದು ಐದಾರು ನೂರು ರೂಪಾಯಿಯ ಒಂದು ಮಲ್ಟಿಮೀಟರ್. ಕಾಲೇಜಿನ ಪ್ರಯೋಗಶಾಲೆಯಲ್ಲಿ ರೆಕಾರ್ಡ್ ಪುಸ್ತಕಕ್ಕಾಗಿ ಮಾತ್ರ ಮುಟ್ಟುವ ಆ ಉಪಕರಣ ಮನೆಯಲ್ಲಿ ಒಂದಿದ್ದರೆ ಒಳ್ಳೆಯದು ಎಂದು ಪೋಷಕರಲ್ಲಿ ನನ್ನ ವಿನಂತಿ. ಟ್ಯೂಷನ್ ಫೀಸಿನ ಮುಂದೆ ಅದೇನು ಮಹಾ?

ಕಿಲುಬಿನ ವಿಷಯ ಬೇಗ ಮುಗಿಸಿಬಿಡೋಣ. ಟರ್ಮಿನಲ್ಲಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒಣಗಿಸಿ, ಬಿಗಿಮಾಡಿ, ಮೇಲೆ ತುಸು ವ್ಯಾಸಲೀನ್ ಸವರಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು, ಅಷ್ಟೆ. ಕೈಯಿಂದ ಅಲುಗಾಡಿಸಿದರೆ ಟರ್ಮಿನಲ್ ಅಲುಗಾಡುತ್ತಿದ್ದರೆ ಬೇರೆ ಪರೀಕ್ಷೆಯೇ ಬೇಡ; ಮೊದಲು ಅದನ್ನು ಬಿಗಿಮಾಡಿ.

ಈಗ ಬ್ಯಾಟರಿ. ಕಾರನ್ನು ರಾತ್ರಿಯೆಲ್ಲ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ವೋಲ್ಟ್ ಅಳೆಯಿರಿ. ಓಡಿಸಿ ತಂದ ಕೂಡಲೇ ಅಳೆದರೆ ಮೇಲುಮೇಲಿನ ಚಾರ್ಜಿನಿಂದ ಸುಳ್ಳು ಅಂಕಿ ಬರುತ್ತದೆ. 12.6 ಇದ್ದರೆ ತುಂಬಿದೆ, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ. ಆದರೆ ಈ ಅಂಕಿಯನ್ನು ಪೂರ್ತಿ ನಂಬಬೇಡಿ. ಮುದಿ ಬ್ಯಾಟರಿಯೂ ಸುಮ್ಮನೆ ಕೂತಾಗ 12.5 ತೋರಿಸಿ ಮೋಸ ಮಾಡುತ್ತದೆ. ಅದರ ನಿಜಬಣ್ಣ ಗೊತ್ತಾಗುವುದು ಸೆಲ್ಫ್ ಹೊಡೆದಾಗ. ಒಬ್ಬರು ಕೀಲಿ ತಿರುಗಿಸುವಾಗ ಇನ್ನೊಬ್ಬರು ಮೀಟರ್ ನೋಡುತ್ತಿರಬೇಕು. ಸುಮಾರು 9.6 ವೋಲ್ಟ್‌ಗಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ತ್ರಾಣವಿಲ್ಲ ಎಂದರ್ಥ. ತ್ರಾಣ ಇಲ್ಲದ್ದು ಖಾಲಿಯಾಗಿರುವುದರಿಂದಲೋ ಹಾಳಾಗಿರುವುದರಿಂದಲೋ ಎಂದು ತಿಳಿಯಲು, ಪೂರ್ತಿ ಚಾರ್ಜು ಮಾಡಿಸಿ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು.

ಪಿಯುಸಿ ಓದುವವರಿಗೆ ಇಲ್ಲೊಂದು ಸ್ವಾರಸ್ಯವಿದೆ. ‘ಆಂತರಿಕ ರೋಧ’ ಎಂದು ಪಠ್ಯದಲ್ಲಿ ಓದುತ್ತೀರಲ್ಲ, ಅದು ಇದೇ. ಚಿಕ್ಕ ಕಾರಿನ ಸ್ಟಾರ್ಟರ್ ಮೋಟರ್ 150 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಒಳ್ಳೆಯ ಬ್ಯಾಟರಿಯ ಆಂತರಿಕ ರೋಧ 0.01 ಓಮ್ ಎಂದರೆ ಒಳಗೇ ನಷ್ಟವಾಗುವುದು 1.5 ವೋಲ್ಟ್; ಹೊರಗೆ 11 ವೋಲ್ಟ್ ಸಿಗುತ್ತದೆ. ರೋಧ 0.04 ಓಮ್‌ಗೆ ಏರಿತೆನ್ನಿ, ಅಷ್ಟೇ ಕರೆಂಟಿಗೆ 6 ವೋಲ್ಟ್ ಒಳಗೇ ಮುಳುಗುತ್ತದೆ. ಸ್ಟಾರ್ಟರ್ ನರಳುತ್ತದೆ, ತಿರುಗುವುದಿಲ್ಲ. ಎನ್‌ಸಿಇಆರ್‌ಟಿ ಭೌತಶಾಸ್ತ್ರದ ಅಭ್ಯಾಸದಲ್ಲಿ 12 ವೋಲ್ಟಿನ, 0.4 ಓಮ್ ಆಂತರಿಕ ರೋಧದ ಕಾರ್ ಬ್ಯಾಟರಿ ಹೆಚ್ಚೆಂದರೆ ಎಷ್ಟು ಕರೆಂಟು ಕೊಡಬಲ್ಲದು ಎಂಬ ಲೆಕ್ಕವಿದೆ. ಉತ್ತರ 30 ಆಂಪಿಯರ್. ಲೆಕ್ಕ ಸರಿಯೇ. ಆದರೆ ಅಂಥ ಬ್ಯಾಟರಿ ಹಾಕಿದ ಕಾರು ಜನ್ಮದಲ್ಲಿ ಸ್ಟಾರ್ಟ್ ಆಗುವುದಿಲ್ಲ! ಮೇಷ್ಟ್ರನ್ನು ಕೇಳಿ ನೋಡಿ, ತರಗತಿಯಲ್ಲಿ ಒಳ್ಳೆಯ ಚರ್ಚೆಯಾದೀತು.

ಮೂರನೆಯದು ಆಲ್ಟರ್ನೇಟರ್. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಬರಬೇಕು. 12ರ ಆಸುಪಾಸಿನಲ್ಲೇ ಉಳಿದು ನಿಧಾನವಾಗಿ ಇಳಿಯುತ್ತಿದ್ದರೆ ಚಾರ್ಜು ಆಗುತ್ತಿಲ್ಲ; ಬೆಲ್ಟು ಸಡಿಲವಾಗಿದೆಯೇ ನೋಡಿ. 15 ದಾಟಿದರೆ ಬ್ಯಾಟರಿ ಕುದಿದು ನೀರು ಆರುತ್ತದೆ. ಇತ್ತೀಚಿನ ಕೆಲವು ಕಾರುಗಳಲ್ಲಿ ಪೆಟ್ರೋಲ್ ಉಳಿಸಲೆಂದು ಕಂಪ್ಯೂಟರೇ ಆಲ್ಟರ್ನೇಟರನ್ನು ಹೆಚ್ಚುಕಡಿಮೆ ಮಾಡುತ್ತಿರುತ್ತದೆ. ಅಲ್ಲಿ ಅಂಕಿ ಮೇಲೆ ಕೆಳಗೆ ಆಡಿದರೆ ಗಾಬರಿ ಬೇಡ. ದೀಪ, ಫ್ಯಾನು ಎಲ್ಲ ಹಾಕಿ ಮತ್ತೆ ನೋಡಿ.

ಹರಿಹರದ ಹುಡುಗಿ ಈ ಮೂರನ್ನೂ ಒಂದೇ ಭಾನುವಾರ ಮುಗಿಸಿದಳು. ಟರ್ಮಿನಲ್ ಬಿಗಿ. ಚಾರ್ಜು ಮಾಡಿಸಿ ತಂದ ಬ್ಯಾಟರಿ ಸೆಲ್ಫ್ ಹೊಡೆದಾಗ 10.6. ಎಂಜಿನ್ ಓಡುವಾಗ 14.2. ಟ್ಯಾಂಕು ಗಟ್ಟಿ, ಮೋಟರೂ ಗಟ್ಟಿ. ಉಳಿದದ್ದು ಸೋರಿಕೆ. ಶನಿವಾರದ ಗುಟ್ಟೂ ಅಲ್ಲೇ ಬಿಟ್ಟುಕೊಂಡಿತು. ಶನಿವಾರ ಹನ್ನೊಂದಕ್ಕೆ ಮನೆಗೆ ಬಂದ ಕಾರು ಮಂಗಳವಾರ ಐದಕ್ಕೆ ಹೊರಡುವವರೆಗೆ ನಿಂತಿರುವುದು 66 ಗಂಟೆ. ಮಂಗಳವಾರ ಹನ್ನೊಂದಕ್ಕೆ ಬಂದದ್ದು ಶನಿವಾರ ಐದರವರೆಗೆ ನಿಲ್ಲುವುದು 90 ಗಂಟೆ. ಶನಿಯ ಕಾಟ ಎಂದರೆ ಆ ಹೆಚ್ಚುವರಿ ಒಂದು ದಿನ! ಅಜ್ಜಿಯ ವಿವರಣೆ ಏನೇ ಇರಲಿ, ಗಮನಿಕೆ ಮಾತ್ರ ಮೂವರು ಮೆಕ್ಯಾನಿಕ್‌ಗಳಿಗಿಂತ ಚುರುಕಾಗಿತ್ತು ಎಂದು ನಾನು ಒಪ್ಪುತ್ತೇನೆ. ಅವರ್‍ಯಾರೂ “ಯಾವ್ಯಾವ ದಿನ ನಿಂತಿತು?” ಎಂದು ಕೇಳಿರಲೇ ಇಲ್ಲ.

ನಿಂತ ಕಾರೂ ಕರೆಂಟು ತಿನ್ನುತ್ತದೆಯೆ? ತಿನ್ನುತ್ತದೆ. ಹಳೆಯ ಅಂಬಾಸಿಡರಿನಲ್ಲಿ ಎಲ್ಲ ಆರಿಸಿದ ಮೇಲೆ ಬ್ಯಾಟರಿಯನ್ನು ಕೇಳುವವರೇ ಇರಲಿಲ್ಲ. ಅಕಸ್ಮಾತ್ ಡೌನ್ ಆದರೂ ಡಿಕ್ಕಿಯಲ್ಲಿ ಹ್ಯಾಂಡಲ್ ಇರುತ್ತಿತ್ತು. ಮುಂದೆ ಚುಚ್ಚಿ ತಿರುಗಿಸಿದರೆ ಎಂಜಿನ್ ಎದ್ದೇಳುತ್ತಿತ್ತು, ಕೆಲವೊಮ್ಮೆ ಹ್ಯಾಂಡಲ್ ಹಿಂದಕ್ಕೆ ಬಡಿದು ಮಣಿಕಟ್ಟು ಮುರಿಯುತ್ತಿತ್ತು. ಆ ಕಷ್ಟ ತಪ್ಪಿಸಲೆಂದೇ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದದ್ದು. ಈಗಿನ ಕಾರು ಹಾಗಲ್ಲ, ನಿದ್ದೆಯಲ್ಲೂ ಒಂದು ಕಣ್ಣು ತೆರೆದಿರುತ್ತದೆ. ರಿಮೋಟ್ ಕೀಲಿಯ ಸಂಕೇತಕ್ಕೆ ಕಿವಿಗೊಟ್ಟಿರಬೇಕು, ಕಳ್ಳರ ಅಲಾರಂ ಕಾಯಬೇಕು, ಕಂಪ್ಯೂಟರಿನ ನೆನಪು ಉಳಿಯಬೇಕು, ಗಡಿಯಾರ ನಡೆಯಬೇಕು. ಇದಕ್ಕೆಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್ ಖರ್ಚಾದರೆ ಅದು ಸಹಜ.

50 ಮಿಲಿಆಂಪಿಯರ್ ಏನು ಮಹಾ ಎನ್ನಬೇಡಿ. 2020ರ ಮಾರ್ಚ್ 25ರಿಂದ 21 ದಿನ ದೇಶವೆಲ್ಲ ಬೀಗ ಹಾಕಿಕೊಂಡಿತಲ್ಲ, ಆಗಿನ ಲೆಕ್ಕ ಮಾಡಿ. 0.05 ಆಂಪಿಯರ್, ದಿನಕ್ಕೆ 24 ಗಂಟೆ, 21 ದಿನ: 25 ಆಂಪಿಯರ್-ಗಂಟೆ! 35ರ ಬ್ಯಾಟರಿಯಲ್ಲಿ ಉಳಿಯುವುದು ಹತ್ತು. ಆಗ ಮನೆ ಮುಂದೆ ನಿಂತ ಎಷ್ಟೋ ಕಾರುಗಳು ಯಾವ ದೋಷವೂ ಇಲ್ಲದೆ ಮೂಕವಾದದ್ದು ಹೀಗೆ.

‘ವಾರಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ಓಡಿಸಿ ಇಟ್ಟರೆ ಸಾಕು’ ಎಂಬ ಮಾತೂ ಆಗಲೇ ಎಲ್ಲೆಡೆ ಹಬ್ಬಿತು. ಸಾಕಾಗುತ್ತದೆಯೇ? 40 ಮಿಲಿಆಂಪಿಯರಿನಂತೆ ವಾರಕ್ಕೆ ಖರ್ಚು 6.7 ಆಂಪಿಯರ್-ಗಂಟೆ. ಹತ್ತು ನಿಮಿಷದಲ್ಲಿ 10 ಆಂಪಿಯರಿನ ಲೆಕ್ಕದಲ್ಲಿ ಒಳಗೆ ಹೋದರೂ ಜಮೆ ಬರೀ 1.7. ಸಂಬಳಕ್ಕಿಂತ ಖರ್ಚು ಹೆಚ್ಚು, ಸಂಸಾರ ಎಷ್ಟು ದಿನ ನಡೆದೀತು? ನಿಂತಲ್ಲೇ ಎಂಜಿನ್ ಓಡಿಸುವುದಕ್ಕಿಂತ ವಾರಕ್ಕೊಮ್ಮೆ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸುವುದು ಮೇಲು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ನೆಗೆಟಿವ್ ಟರ್ಮಿನಲ್ ಬಿಚ್ಚಿಡುವುದು ಇನ್ನೂ ಮೇಲು.

ಸೋರಿಕೆ ಅಳೆಯುವ ಪರೀಕ್ಷೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ತಪ್ಪಾಗಿ ಮಾಡಿದರೆ ಮೀಟರು ಸುಡುತ್ತದೆ. ಕಾರಿನ ಎಲ್ಲವನ್ನೂ ಆರಿಸಿ, ಕೀಲಿ ತೆಗೆದು ದೂರ ಇಡಿ. ಬಾನೆಟ್ ತೆರೆದು, ನೆಗೆಟಿವ್ ಟರ್ಮಿನಲ್ಲಿನ ಕೇಬಲ್ ಬಿಚ್ಚಿ. ಮೀಟರಿನ ಕೆಂಪು ತಂತಿಯನ್ನು ‘10 ಆಂಪಿಯರ್’ ಎಂದು ಬರೆದ ತೂತಿಗೆ ಚುಚ್ಚಿ, ಡಿ.ಸಿ. ಆಂಪಿಯರ್‌ಗೆ ತಿರುಗಿಸಿ, ಬಿಚ್ಚಿದ ಕೇಬಲ್ಲಿಗೂ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ನಡುವೆ ಸೇರಿಸಿ. ಈಗ ಕಾರು ತಿನ್ನುವ ಕರೆಂಟೆಲ್ಲ ಮೀಟರಿನ ಮೂಲಕವೇ ಹಾದುಹೋಗಬೇಕು. ಮೀಟರ್ ಹೀಗಿರುವಾಗ ಯಾವ ಕಾರಣಕ್ಕೂ ಸೆಲ್ಫ್ ಹೊಡೆಯಬೇಡಿ. ಪರೀಕ್ಷೆ ಮುಗಿದ ಕೂಡಲೇ ಕೆಂಪು ತಂತಿಯನ್ನು ವೋಲ್ಟಿನ ತೂತಿಗೆ ಮರಳಿಸಿ. ಆಂಪಿಯರ್ ತೂತಿನಲ್ಲೇ ಬಿಟ್ಟು ಆಮೇಲೆ ‘ವೋಲ್ಟ್ ನೋಡೋಣ’ ಎಂದು ಬ್ಯಾಟರಿಯ ಎರಡು ಕಂಬಗಳಿಗೆ ಮುಟ್ಟಿಸಿದರೆ ಅದು ನೇರ ಶಾರ್ಟ್ ಸರ್ಕ್ಯೂಟ್. ಕಿಡಿ ಹಾರುತ್ತದೆ, ಅಗ್ಗದ ಮೀಟರ್ ಕೈಯಲ್ಲೇ ಕರಗುತ್ತದೆ.

ಸೇರಿಸಿದ ತಕ್ಷಣ ಎರಡು, ಮೂರು ಆಂಪಿಯರ್ ಕಂಡರೆ ಹೆದರಬೇಡಿ. ಕರೆಂಟು ಬಂತೆಂದು ಕಾರಿನ ಕಂಪ್ಯೂಟರುಗಳೆಲ್ಲ ಎಚ್ಚರಗೊಂಡಿರುತ್ತವೆ. ಅವು ಒಂದೊಂದಾಗಿ ಮಲಗಲು ಇಪ್ಪತ್ತು, ಮೂವತ್ತು ನಿಮಿಷ, ಕೆಲವು ಕಾರುಗಳಲ್ಲಿ ಅದಕ್ಕೂ ಹೆಚ್ಚು ಹೊತ್ತು ಬೇಕು. ತೊಟ್ಟಿಲ ಮಗುವನ್ನು ಮಲಗಿಸಿದಂತೆ, ಸುಮ್ಮನೆ ದೂರ ಕೂತಿರಬೇಕು. ನಡುವೆ ಬಾಗಿಲು ತೆರೆದರೆ ಮತ್ತೆ ಎಲ್ಲ ಎದ್ದುಬಿಡುತ್ತವೆ. ಫ್ಯೂಸ್ ಪೆಟ್ಟಿಗೆ ಕಾರಿನೊಳಗಿದ್ದರೆ ಮೊದಲೇ ಬಾಗಿಲು ತೆರೆದಿಟ್ಟು, ಬಾಗಿಲಿನ ಚಿಲಕವನ್ನು ಸ್ಕ್ರೂಡ್ರೈವರಿನಿಂದ ಒತ್ತಿ ‘ಮುಚ್ಚಿದೆ’ ಎಂದು ಕಾರನ್ನು ನಂಬಿಸಬಹುದು. (ಮುಚ್ಚುವ ಮೊದಲು ಚಿಲಕವನ್ನು ಮರಳಿ ಬಿಡಿಸಲು ಮರೆಯಬೇಡಿ.)

ಅರ್ಧ ಗಂಟೆಯ ಬಳಿಕ ನಮ್ಮ ಹುಡುಗಿಯ ಮೀಟರಿನಲ್ಲಿ ಅಂಕಿ 0.25ಕ್ಕೆ ಬಂದು ನಿಂತಿತು. ಅಂದರೆ 250 ಮಿಲಿಆಂಪಿಯರ್, ಇರಬೇಕಾದದ್ದರ ಐದು ಪಟ್ಟು. ಅವಳು ಅಲ್ಲೇ ನೋಟ್‌ಬುಕ್ ತೆಗೆದಳು. 66 ಗಂಟೆಗೆ 16.5 ಆಂಪಿಯರ್-ಗಂಟೆ. ತುಂಬಿದ 35ರಲ್ಲಿ ಅಷ್ಟು ಹೋದರೂ ಅರ್ಧಕ್ಕಿಂತ ಚೂರು ಹೆಚ್ಚೇ ಉಳಿಯುತ್ತದೆ. ಮಂಗಳವಾರ ಸೆಲ್ಫ್ ನಿಧಾನವಾಗಿ ಎಳೆದರೂ ಎಂಜಿನ್ ಏಳುತ್ತದೆ. ಹರಿಹರ-ದಾವಣಗೆರೆ ಹೋಗಿಬರುವ ಒಂದು ಗಂಟೆಯಲ್ಲಿ ಹನ್ನೊಂದೋ ಹನ್ನೆರಡೋ ತುಂಬಿದರೆ ಬ್ಯಾಟರಿ ಮೂವತ್ತರ ಹತ್ತಿರಕ್ಕೆ ಬರುತ್ತದೆ, ಪೂರ್ತಿ ತುಂಬುವುದಿಲ್ಲ. ಆಮೇಲಿನ 90 ಗಂಟೆಗೆ 22.5 ಸೋರಿದರೆ ಶನಿವಾರ ಬೆಳಿಗ್ಗೆ ಉಳಿಯುವುದು ಏಳು, ಎಂಟು. ಐದನೇ ಒಂದು ಭಾಗ! ಟಕ್ ಟಕ್.

ಸೋರುವುದು ಗೊತ್ತಾಯಿತು, ಎಲ್ಲಿ ಎಂದು ಹುಡುಕಬೇಕು. ಮೀಟರ್ ನೋಡುತ್ತಾ ಒಂದೊಂದೇ ಫ್ಯೂಸ್ ಕೀಳುವುದು ಹಳೆಯ ಪದ್ಧತಿ. ಯಾವ ಫ್ಯೂಸ್ ಕಿತ್ತಾಗ ಅಂಕಿ ದಡಕ್ಕನೆ ಇಳಿಯುತ್ತದೋ ಕಳ್ಳ ಆ ಮನೆಯಲ್ಲಿದ್ದಾನೆ. ಕಂಪ್ಯೂಟರು ಹೆಚ್ಚಿರುವ ಕಾರಿನಲ್ಲಿ ಫ್ಯೂಸ್ ಕಿತ್ತು ಹಾಕಿದರೆ ಮಲಗಿದ್ದವು ಏಳುವ ತೊಂದರೆ ಇದೆ. ಅಲ್ಲಿ ಫ್ಯೂಸ್ ಕೀಳದೆಯೇ, ಅದರ ನೆತ್ತಿಯ ಮೇಲಿನ ಎರಡು ಲೋಹದ ಚುಕ್ಕಿಗಳ ನಡುವೆ ಮಿಲಿವೋಲ್ಟ್ ಅಳೆಯಬಹುದು. ಕರೆಂಟು ಹರಿಯದ ಫ್ಯೂಸಿನಲ್ಲಿ ಸೊನ್ನೆ. ಹರಿಯುತ್ತಿದ್ದರೆ ಒಂದೆರಡು ಮಿಲಿವೋಲ್ಟ್ ಕಾಣುತ್ತದೆ. ಫ್ಯೂಸ್ ತಂತಿಗೂ ಚೂರು ರೋಧ ಇರುತ್ತದಲ್ಲ, ಓಮನ ನಿಯಮ ಅಲ್ಲೂ ಕೆಲಸ ಮಾಡುತ್ತದೆ.

ಅವಳು ಹಳೆಯ ಪದ್ಧತಿಯನ್ನೇ ಹಿಡಿದಳು. ಡಿಕ್ಕಿಯ ದೀಪದ ಮೇಲೆ ಅಪ್ಪನಿಗೆ ಅನುಮಾನವಿತ್ತು. ಅದೂ ನ್ಯಾಯವೇ: 5 ವಾಟಿನ ಆ ಪುಟ್ಟ ಬಲ್ಬು ಡಿಕ್ಕಿ ಮುಚ್ಚಿದ ಮೇಲೂ ಉರಿಯುತ್ತಿದ್ದರೆ 0.4 ಆಂಪಿಯರ್ ಕುಡಿಯುತ್ತದೆ, ಎರಡು ದಿನದಲ್ಲಿ ಅರ್ಧಕ್ಕೂ ಹೆಚ್ಚು ಖಾಲಿ. ಅಲ್ಲಿ ಏನೂ ಇರಲಿಲ್ಲ. ಚಿಕ್ಕಪ್ಪ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಕಡೆ ಕೈ ತೋರಿದರು. ಅದಕ್ಕೆ ಕಾರಿನಿಂದ ತಂತಿಯೇ ಇಲ್ಲ, ಟೋಲ್ ಗೇಟಿನ ರೇಡಿಯೊ ಅಲೆಯಿಂದಲೇ ಅದು ಎಚ್ಚರಗೊಳ್ಳುತ್ತದೆ. ಎಂಟೋ ಒಂಬತ್ತನೆಯದೋ ಫ್ಯೂಸ್ ಕಿತ್ತಾಗ 0.25 ಇದ್ದದ್ದು 0.02ಕ್ಕೆ ಬಿತ್ತು. ಅದು ಆಡಿಯೊ ಫ್ಯೂಸ್.

ಡ್ಯಾಶ್‌ಬೋರ್ಡಿನಲ್ಲಿದ್ದದ್ದು ಹೊರಗಿನ ಅಂಗಡಿಯಲ್ಲಿ ಹಾಕಿಸಿದ ದೊಡ್ಡ ಟಚ್‌ಸ್ಕ್ರೀನ್ ಸ್ಟೀರಿಯೊ. ಇಂಥವಕ್ಕೆ ಸಾಮಾನ್ಯವಾಗಿ ಎರಡು ತಂತಿಗಳಲ್ಲಿ ವಿದ್ಯುತ್ ಬರುತ್ತದೆ. ಹಳದಿ ತಂತಿ ಸದಾ ಬ್ಯಾಟರಿಗೆ ಅಂಟಿಕೊಂಡಿರಬೇಕು, ನೆನಪು ಉಳಿಸಲು. ಕೆಂಪು ತಂತಿಗೆ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು. ಅದು ನಿಂತಾಗ ಸ್ಟೀರಿಯೊ ‘ಯಜಮಾನರು ಹೋದರು’ ಎಂದು ತಿಳಿದು ಮಲಗುತ್ತದೆ. ಇಲ್ಲಿ ಕೆಂಪನ್ನೂ ಹಳದಿಯನ್ನೂ ಒಟ್ಟಿಗೆ ಹೊಸೆದು ಟೇಪು ಸುತ್ತಿದ್ದರು. ಪರದೆ ಆರಿದರೂ ಒಳಗಿನ ಕಂಪ್ಯೂಟರ್ ಎಂಟು ತಿಂಗಳಿನಿಂದ ಕಣ್ಣು ಮುಚ್ಚಿರಲೇ ಇಲ್ಲ.

ಅಂಗಡಿಯವರನ್ನು ಬೈಯುವಂತಿಲ್ಲ. ಹಾಗೆ ಮಾಡಿಕೊಡಿ ಎಂದು ಕೇಳಿದ್ದವರು ಅಪ್ಪನೇ. ಅಜ್ಜಿಯ ಡಯಾಲಿಸಿಸ್ ನಾಲ್ಕು ಗಂಟೆ ನಡೆಯುತ್ತದೆ. ಅಷ್ಟು ಹೊತ್ತು ಆಸ್ಪತ್ರೆಯ ಆವರಣದಲ್ಲಿ ಕಾರಿನಲ್ಲೇ ಕೂತು ಕಾಯುವಾಗ, ಕೀಲಿ ಇಲ್ಲದೆಯೂ ಹಾಡು ಕೇಳುವಂತಿರಲಿ ಎಂದು. ಮಗಳು ಇದನ್ನು ಕೇಳಿ ಸುಮ್ಮನಿದ್ದಳಂತೆ. ಮಾರನೆಯ ದಿನ ಎಲೆಕ್ಟ್ರಿಷಿಯನ್ ಬಂದು ಕೆಂಪು ತಂತಿಯನ್ನು ಕೀಲಿಯ ಸಾಲಿಗೆ ಬದಲಾಯಿಸಿದರು. ಹತ್ತು ನಿಮಿಷದ ಕೆಲಸ, ಇನ್ನೂರು ರೂಪಾಯಿ. ಈಗ ಹಾಡು ಬೇಕೆಂದರೆ ಕೀಲಿಯನ್ನು ಒಂದು ಹಂತ ತಿರುಗಿಸಬೇಕು. ಆ ಮೇಲಿನ ಶನಿವಾರಗಳಲ್ಲಿ ಕಾರು ನಿಂತಿಲ್ಲ. ದೀಪ ಹಚ್ಚಿಸಿದ್ದು ಫಲಿಸಿತು ಎಂದು ಅಜ್ಜಿಯ ನಂಬಿಕೆ, ಯಾರೂ ತಕರಾರು ತೆಗೆದಿಲ್ಲ.

ಎಲ್ಲ ಕಾರಿನಲ್ಲೂ ಕಳ್ಳ ಸ್ಟೀರಿಯೊನೇ ಆಗಿರುವುದಿಲ್ಲ. ಡ್ಯಾಶ್ ಕ್ಯಾಮರಾ, ಜಿಪಿಎಸ್ ಟ್ರ್ಯಾಕರ್, ಅಂಟಿಕೊಂಡ ರಿಲೇ ಇವೆಲ್ಲ ಮಾಮೂಲಿ ಆಸಾಮಿಗಳು. ಎಲ್ಲ ಫ್ಯೂಸ್ ಕಿತ್ತರೂ ಅಂಕಿ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡ್ ಮೇಲೆ ಸಂಶಯಪಡಿ. ಅದರ ದಪ್ಪ ತಂತಿ ಬಹಳಷ್ಟು ಕಾರುಗಳಲ್ಲಿ ಈ ಚಿಕ್ಕ ಫ್ಯೂಸುಗಳನ್ನು ಹಾದುಬರುವುದೇ ಇಲ್ಲ. ಡಯೋಡ್ ಎಂದರೆ ಒಂದೇ ದಿಕ್ಕಿಗೆ ತೆರೆಯುವ ಬಾಗಿಲು. ಕೆಟ್ಟರೆ ರಾತ್ರಿ ಕರೆಂಟು ಹಿಮ್ಮುಖವಾಗಿ ಹರಿದುಹೋಗುತ್ತದೆ. ಎಂಜಿನ್ ಓಡುವಾಗ ಮೀಟರನ್ನು ಎ.ಸಿ. ವೋಲ್ಟಿಗೆ ತಿರುಗಿಸಿ ಬ್ಯಾಟರಿಗೆ ಹಿಡಿದರೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸುವುದು ಅದರ ಕುರುಹು. ಬಿಚ್ಚುವುದನ್ನು ಮಾತ್ರ ಮೆಕ್ಯಾನಿಕ್ ಮಾಡಲಿ.

ಬಿಸಿಲನ್ನೂ ಮರೆಯಬಾರದು. ಬ್ಯಾಟರಿಗೆ ಚಳಿ ಶತ್ರು ಎಂದು ಚಳಿದೇಶದವರು ಬರೆದದ್ದನ್ನು ನಾವೂ ಓದುತ್ತೇವೆ. ಚಳಿ ದೌರ್ಬಲ್ಯವನ್ನು ಬಯಲು ಮಾಡುತ್ತದೆ ನಿಜ, ಆದರೆ ದುರ್ಬಲಗೊಳಿಸುವುದು ಸೆಕೆ. ಉಷ್ಣತೆ 10 ಡಿಗ್ರಿ ಏರಿದರೆ ಒಳಗಿನ ಸವೆತದ ವೇಗ ಸುಮಾರು ಇಮ್ಮಡಿಯಾಗುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಬಯಲಲ್ಲೇ ನಿಲ್ಲುವ ಕಾರಿನ ಬ್ಯಾಟರಿ ಮಡಿಕೇರಿಯ ಕಾರಿನದಷ್ಟು ಬಾಳಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಮುಚ್ಚಳ ತೆರೆಯುವ ಬಗೆಯದಾದರೆ ಬೇಸಿಗೆಯಲ್ಲಿ ನೀರಿನ ಮಟ್ಟ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರಿನ ಲವಣ ಅದಕ್ಕೆ ವಿಷ. ಅಂದಹಾಗೆ, ಬ್ಯಾಟರಿಯನ್ನು ಸಿಮೆಂಟು ನೆಲದ ಮೇಲಿಟ್ಟರೆ ಕರೆಂಟು ಭೂಮಿಗೆ ಇಳಿಯುತ್ತದೆ ಎಂಬ ಮಾತು ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಅನ್ವಯಿಸುವುದಿಲ್ಲ. ಆದರೂ ಕೆಳಗೆ ಹಲಗೆ ಇಡುವವರನ್ನು ನಾನು ತಡೆಯುವುದಿಲ್ಲ, ಆಮ್ಲ ಚೆಲ್ಲಿದರೆ ನೆಲವಾದರೂ ಉಳಿಯಲಿ.

ಮಕ್ಕಳು ಬಾನೆಟ್ ತೆರೆಯುವ ಮೊದಲು ತಿಳಿದಿರಬೇಕಾದ್ದು ಇನ್ನೊಂದಿದೆ. ಚಾರ್ಜಾಗುವ ಬ್ಯಾಟರಿ ಜಲಜನಕ ಅನಿಲ ಬಿಡುತ್ತದೆ. ಒಂದು ಕಿಡಿ ಬಿದ್ದರೆ ಪೆಟ್ಟಿಗೆ ಸಿಡಿದು ಆಮ್ಲ ಮುಖಕ್ಕೆ ಹಾರುತ್ತದೆ. ಕನ್ನಡಕ ಹಾಕಿಕೊಳ್ಳಿ, ಬಳೆ, ಉಂಗುರ, ಸರ ಬಿಚ್ಚಿಡಿ, ದೊಡ್ಡವರೊಬ್ಬರು ಜೊತೆಗಿರಲಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಪಾಸಿಟಿವ್ ಬಿಚ್ಚುವ ಸ್ಪ್ಯಾನರ್ ಕೈಜಾರಿ ಬಾಡಿಗೆ ತಗುಲಿದರೂ ಆಗ ಶಾರ್ಟ್ ಆಗುವುದಿಲ್ಲ. ಬೇರೆ ಕಾರಿನಿಂದ ಕರೆಂಟು ತೆಗೆದುಕೊಳ್ಳುವಾಗ ಮೊದಲು ಸತ್ತ ಬ್ಯಾಟರಿಯ ಪಾಸಿಟಿವ್, ಆಮೇಲೆ ಒಳ್ಳೆಯದರ ಪಾಸಿಟಿವ್, ಬಳಿಕ ಒಳ್ಳೆಯದರ ನೆಗೆಟಿವ್. ನಾಲ್ಕನೆಯ ತುದಿಯನ್ನು ಸತ್ತ ಬ್ಯಾಟರಿಗಲ್ಲ, ಆ ಕಾರಿನ ಎಂಜಿನ್ನಿನ ಬರೀ ಲೋಹದ ಭಾಗಕ್ಕೆ ಕಚ್ಚಿಸಬೇಕು. ಕೊನೆಯ ಕಿಡಿ ಬ್ಯಾಟರಿಯಿಂದ ದೂರ ಹಾರಲಿ ಎಂದು. ತಳ್ಳಿ ಸ್ಟಾರ್ಟ್ ಮಾಡುವ ಕಾಲ ಹೆಚ್ಚುಕಡಿಮೆ ಮುಗಿಯಿತು: ಆಟೊಮ್ಯಾಟಿಕ್ ಗೇರಿನ ಕಾರಿನಲ್ಲಿ ಅದು ಆಗದ ಮಾತು, ಉಳಿದವುಗಳಲ್ಲೂ ಬ್ಯಾಟರಿ ಪೂರ್ತಿ ಸತ್ತಿದ್ದರೆ ಪೆಟ್ರೋಲ್ ಪಂಪೇ ತಿರುಗುವುದಿಲ್ಲ. ವಿದ್ಯುತ್ ಕಾರಿನಲ್ಲೂ ಚಿಕ್ಕ 12 ವೋಲ್ಟಿನ ಬ್ಯಾಟರಿ ಇರುತ್ತದೆ, ಅದೂ ಹೀಗೇ ಡೌನ್ ಆಗುತ್ತದೆ. ಆದರೆ ಅಲ್ಲಿನ ಕಿತ್ತಳೆ ಬಣ್ಣದ ಕೇಬಲ್ಲುಗಳ ಹತ್ತಿರ ಕೈ ಹಾಕಲೇಬೇಡಿ, ಅವು ನೂರಾರು ವೋಲ್ಟಿನವು.

ಇಷ್ಟೆಲ್ಲ ನೋಡಿದ ಮೇಲೂ ಬ್ಯಾಟರಿಯೇ ಹೋಗಿದೆ ಎಂದು ಖಾತ್ರಿಯಾದರೆ ಹೊಸದು ಕೊಳ್ಳಿ. ಸಿಗ್ನಲ್ಲಿನಲ್ಲಿ ತಾನೇ ಆರಿ ತಾನೇ ಏಳುವ ಎಂಜಿನ್ ನಿಮ್ಮದಾದರೆ, ಅಗ್ಗವೆಂದು ಮಾಮೂಲಿ ಬ್ಯಾಟರಿ ಹಾಕಿಸಬೇಡಿ. ಅದು ಆ ದುಡಿಮೆ ತಡೆಯುವುದಿಲ್ಲ. ಹಳೆಯದನ್ನು ಅಂಗಡಿಗೇ ಕೊಡಿ. ಗುಜರಿಯವರಿಗೆ ಹಾಕಿದರೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಸಿಗಬಹುದು, ಆದರೆ ಎಲ್ಲೋ ಹಿತ್ತಲಿನಲ್ಲಿ ಅದನ್ನು ಒಡೆದು ಸೀಸ ಕರಗಿಸಿದರೆ ಆ ಹೊಗೆ, ಆ ಮಣ್ಣು ಸುತ್ತಲಿನ ಮಕ್ಕಳ ಮಿದುಳಿಗೆ ಹಾನಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಮರಳಿ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು.